ವಾಶಿಗೆ ತೋಡಿದ ಸುರಂಗ

ಕೆಲವರಿಗೆ ಸಕ್ಕರೆ ಕಾಯಿಲೆ ಇರುತ್ತದೆ, ಕೆಲವರಿಗೆ ಬಿ.ಪಿ. ನನಗಿರುವ ಕಾಯಿಲೆಗೆ ಮಾತ್ರ ಯಾವ ಡಾಕ್ಟರೂ ಇನ್ನೂ ಹೆಸರಿಟ್ಟಿಲ್ಲ. ಯಾರಾದರೂ ಒಂದು ಯಂತ್ರದ ಮುಂದೆ ಪೆಚ್ಚುಮೋರೆ ಹಾಕಿಕೊಂಡು ನಿಂತರೆ ಸಾಕು, "ಬಿಡಿ, ನಾನು ನೋಡ್ಕೊಳ್ತೇನೆ" ಎಂಬ ಮಾತು ನನ್ನ ಬಾಯಿಂದ ಉದುರಿಬಿಡುತ್ತದೆ. ಧೈರ್ಯವಂತರು ಯೋಚಿಸಿ ಮಾತಾಡುತ್ತಾರೆ, ಪುಕ್ಕಲರು ಯೋಚಿಸಿ ಸುಮ್ಮನಾಗುತ್ತಾರೆ. ನಾನು ಈ ಎರಡೂ ಪಂಗಡಕ್ಕೆ ಸೇರದವನು, ಮೊದಲು ಮಾತಾಡಿ ಆಮೇಲೆ ಹೆದರುವವನು. ಮನೆಯ ಮಿಕ್ಸರು, ಇಸ್ತ್ರಿ ಪೆಟ್ಟಿಗೆ ಎಲ್ಲದರ ಮೇಲೂ ನನ್ನ ಈ ಕಾಯಿಲೆಯ ಗುರುತುಗಳಿವೆ. ಪಕ್ಕದ ಫ್ಲಾಟಿನವರ ಕಾಲಿಂಗ್ ಬೆಲ್ ನಾನು ರಿಪೇರಿ ಮಾಡಿದ ಮೇಲೆ ಯಾರೂ ಒತ್ತದೆಯೇ ಬಡಿದುಕೊಳ್ಳತೊಡಗಿತು. ಅವರು ಸಜ್ಜನರು, ಈಗಲೂ ನನ್ನೊಡನೆ ಮಾತಾಡುತ್ತಾರೆ. ಆದರೆ ಯಂತ್ರಗಳ ವಿಷಯ ಎತ್ತುವುದಿಲ್ಲ.

ನಮ್ಮ ಮನೆ ಡೊಂಬಿವಲಿಯಲ್ಲಿ. ನನ್ನ ಕೆಲಸ ಥಾಣೆಯ ಮಾಜಿವಾಡಾದ ಹತ್ತಿರ, ಪಂಪು ತಯಾರಿಸುವ ಕಂಪನಿಯೊಂದರ ಸ್ಟೋರ್ಸಿನಲ್ಲಿ. ಉಡುಪಿ ಕಡೆಯ ಶೆಟ್ಟಿ ಎಂದ ಕೂಡಲೇ ಇಲ್ಲಿಯವರು "ಯಾವ ಹೋಟೆಲು?" ಎಂದು ಆಸೆಯಿಂದ ಕೇಳುತ್ತಾರೆ. ಪಂಪಿನ ವಾಷರುಗಳ ಲೆಕ್ಕ ಇಡುವವನು ಎಂದರೆ ಮುಖ ಸಣ್ಣದಾಗುತ್ತದೆ. ಹೆಂಡತಿ ಸವಿತಾ ವಿಜಾಪುರದವಳು. ನನ್ನದು 'ಉಂಟು', ಅವಳದು 'ಐತಿ'. ಜಗಳ ಬಂದಾಗ ನಾನು ತುಳುವಿಗೆ ಇಳಿಯುತ್ತೇನೆ, ಅವಳು ಮರಾಠಿಗೆ ಏರುತ್ತಾಳೆ. ಒಬ್ಬರು ಬೈದದ್ದು ಇನ್ನೊಬ್ಬರಿಗೆ ಪೂರ್ತಿ ಅರ್ಥವಾಗದೆ ಜಗಳ ಬೇಗ ಮುಗಿಯುತ್ತದೆ. ಅವಳ ಕೆಲಸ ವಾಶಿಯ ಒಂದು ಆಫೀಸಿನಲ್ಲಿ. ದೂರದೇಶದ ಡಾಕ್ಟರುಗಳು ರೋಗಿಗಳನ್ನು ನೋಡಿದ ಮೇಲೆ, ಯಾರಿಗೆ ಏನಾಗಿದೆ ಎಂದು ಯಂತ್ರದೆದುರು ಗೊಣಗುತ್ತಾರೆ. ಆ ಗೊಣಗಾಟ ವಾಶಿಗೆ ಬರುತ್ತದೆ. ಇವಳು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಅದನ್ನು ಶುದ್ಧ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಕಳಿಸುತ್ತಾಳೆ. ಒಮ್ಮೆ ನನಗೂ ಒಂದು ತುಣುಕು ಕೇಳಿಸಿದ್ದಳು. ಯಾರೋ ಬಾಯಿತುಂಬ ಅವಲಕ್ಕಿ ಇಟ್ಟುಕೊಂಡು ನಿದ್ದೆಯಲ್ಲಿ ಮಾತಾಡಿದಂತಿತ್ತು. "ಪಿತ್ತಕೋಶದಾಗ ಕಲ್ಲು ಅದಾವಂತ, ಪಾಪ" ಎಂದಳು ಸವಿತಾ.

ಕೆಲವು ವರ್ಷಗಳ ಹಿಂದೆ, ಗಣಪತಿ ಹಬ್ಬ ಹತ್ತಿರ ಬಂದಿದ್ದಾಗ ಅವಳು ಡೊಂಬಿವಲಿ ಸ್ಟೇಷನ್ನಿನ ಬ್ರಿಜ್ಜಿನ ಒದ್ದೆ ಮೆಟ್ಟಿಲ ಮೇಲೆ ಜಾರಿ ಬಿದ್ದಳು. ಹಿಂದಿದ್ದ ಹೆಂಗಸರು ಹಿಡಿದುಕೊಳ್ಳದಿದ್ದರೆ ಕೆಳಗಿನವರೆಗೂ ಉರುಳುತ್ತಿದ್ದಳೋ ಏನೋ. ಬಲಗಾಲಿನ ಗಂಟಿನ ಹತ್ತಿರ ಮೂಳೆ ಬಿರುಕು ಬಿಟ್ಟಿತು, ಪ್ಲಾಸ್ಟರ್ ಬಿತ್ತು. ವಿಜಾಪುರದಿಂದ ಅತ್ತೆ ಜೋಳದ ಹಿಟ್ಟು, ಶೇಂಗಾ ಚಟ್ನಿ ಸಮೇತ ಬಂದಿಳಿದರು. ಇಲ್ಲಿಯವರೆಗೆ ಎಲ್ಲವೂ ಸಹಿಸಬಹುದಾದದ್ದೇ. ಆದರೆ ಅವಳ ಆಫೀಸಿಗೆ ಅದೇ ಹೊತ್ತಿಗೆ ಒಂದು ದೊಡ್ಡ ಆಸ್ಪತ್ರೆಯ ಕೆಲಸ ಕೈತಪ್ಪಿತ್ತು. ಒಬ್ಬೊಬ್ಬರನ್ನೇ ಕಡಿಮೆ ಮಾಡುತ್ತಿದ್ದರು. ಅವಳ ಮೇಲಿನವರು ಕುಲಕರ್ಣಿ ಮೇಡಂ, ಕೆಟ್ಟವರಲ್ಲ. ಫೋನ್ ಮಾಡಿ ಕಾಲು ಹೇಗಿದೆ ಎಂದು ವಿಚಾರಿಸಿದರು. ಆಮೇಲೆ, "ಘರ್ ಸೇ ಕರೋ ಸವಿತಾ. ಲೇಕಿನ್ ಸೋಮವಾರ್ ಸುಬಹ್ ತಕ್ ಲೈನ್ ಚಾಲೂ ಹೋನಾ ಚಾಹಿಯೇ" ಎಂದರು. ಮನೆಯಿಂದಲೇ ಕೆಲಸ ಮಾಡಬಹುದು, ಆದರೆ ಸೋಮವಾರ ಬೆಳಿಗ್ಗೆ ಸಂಪರ್ಕ ಸಿಗದಿದ್ದರೆ ಆ ಕುರ್ಚಿಗೆ ಬೇರೊಬ್ಬರನ್ನು ಕೂರಿಸಬೇಕಾಗುತ್ತದೆ, ಮೇಲಿನವರ ಒತ್ತಾಯ ಎಂದರು.

ಸವಿತಾ ಫೋನ್ ಇಟ್ಟಳು. ಆಮೇಲೆ ಹೇಳಿದಳು: "ಆ ಕುರ್ಚಿ ಕಿಟಕಿ ಹಂತ್ಯಾಕ ಐತ್ರಿ. ಅದು ಸಿಗೂತನಕ ನಾ ಎಷ್ಟು ವರ್ಷ ಗ್ವಾಡಿ ನೋಡ್ಕೋತ ಕುಂತೀನಿ, ನಿಮಗೇನ್ ಗೊತ್ತು."

ಅವಳ ಕಣ್ಣಲ್ಲಿ ನೀರಿರಲಿಲ್ಲ, ಇದ್ದಿದ್ದರೆ ನನಗೆ ವಾಸಿಯಿತ್ತು. ಅವಳ ದನಿಯಲ್ಲಿ ಏನೋ ಇತ್ತು. ನನ್ನ ಕಾಯಿಲೆ ಎದ್ದು ನಿಂತಿತು. "ಬಿಡು ಮಾರಾಯ್ತಿ, ನಾನು ನೋಡ್ಕೊಳ್ತೇನೆ" ಎಂದೆ.

ಹೇಳಿದ ಮೇಲೆ ನೆನಪಾಯಿತು, ನಮ್ಮ ಮನೆಯ ಕಂಪ್ಯೂಟರಿನಲ್ಲಿ ವಿಂಡೋಸ್ ಇರಲಿಲ್ಲ. ಬೇಸಿಗೆಯಲ್ಲಿ ಯಾರದೋ ಪೆನ್‌ಡ್ರೈವಿನಿಂದ ವೈರಸ್ ಹತ್ತಿಕೊಂಡಾಗ ನಾನು ವಿಂಡೋಸನ್ನೇ ಬುಡಸಮೇತ ಕಿತ್ತು, ಒಂದು ಪತ್ರಿಕೆಯ ಜೊತೆ ಉಚಿತವಾಗಿ ಬಂದ ಸೀಡಿಯಿಂದ ಲಿನಕ್ಸ್ ಹಾಕಿದ್ದೆ. ಹಾಕಿದ್ದಷ್ಟೇ ಅಲ್ಲ, ಇಡೀ ಬಿಲ್ಡಿಂಗಿಗೆ ಭಾಷಣ ಮಾಡಿದ್ದೆ. "ಇದರ ಸೋರ್ಸ್ ಕೋಡ್ ಕೂಡ ಕೊಡ್ತಾರೆ. ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು" ಎಂದು ಲಿಫ್ಟಿಗೆ ಕಾಯುತ್ತಿದ್ದವರಿಗೆಲ್ಲ ಹೇಳುತ್ತಿದ್ದೆ. ನಾನು ಒಂದು ಸಾಲನ್ನೂ ಬಿಚ್ಚಿ ನೋಡಿದವನಲ್ಲ. ಸವಿತಾಳ ಆಫೀಸಿನವರು ಸಂಪರ್ಕಕ್ಕೆಂದು ಕಳಿಸಿದ್ದು ವಿಂಡೋಸಿಗೆ ಮಾತ್ರ ಹೊಂದುವ ತಂತ್ರಾಂಶ. ಮತ್ತೆ ವಿಂಡೋಸ್ ಹಾಕಿಸೋಣವೆಂದರೆ ಕಂಪ್ಯೂಟರ್ ಜೋಡಿಸಿಕೊಟ್ಟಿದ್ದ ಅಂಗಡಿಯವನು ಗಣಪತಿಗೆಂದು ಕೊಂಕಣದ ಊರಿಗೆ ಹೋಗಿ ಶಟರ್ ಎಳೆದಿದ್ದ. ಬೇರೆ ಅಂಗಡಿ ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು. ಆದರೆ ಅಲ್ಲಿಗೆ ಹೋಗುವ ದಾರಿ ನಮ್ಮ ಲಿಫ್ಟಿನ ಮುಂದೆಯೇ ಹಾದುಹೋಗುತ್ತದೆ. ಅಷ್ಟು ಭಾಷಣ ಮಾಡಿದವನು ಕಂಪ್ಯೂಟರನ್ನು ಹೆಗಲ ಮೇಲೆ ಹೊತ್ತು ಆ ಜನರ ನಡುವೆ ಹೇಗೆ ಇಳಿಯಲಿ?

ಹುಡುಕಿದಾಗ ಅಂತರ್ಜಾಲದಲ್ಲಿ ಒಂದು ಆಸರೆ ಸಿಕ್ಕಿತು. ಅದೇ ಕೆಲಸ ಮಾಡುವ, ಯಾರು ಬೇಕಾದರೂ ಬಳಸಬಹುದಾದ ಇನ್ನೊಂದು ತಂತ್ರಾಂಶ ಲಿನಕ್ಸಿಗೆ ಇತ್ತು. ಆದರೆ ಅದು ತಯಾರಾದ ರೂಪದಲ್ಲಿ ಇರಲಿಲ್ಲ, ಸೋರ್ಸ್ ಮಾತ್ರ ಇತ್ತು. ತಯಾರಾದ ತಂತ್ರಾಂಶವೆಂದರೆ ಹೋಟೆಲಿನಿಂದ ಕಟ್ಟಿಸಿಕೊಂಡು ಬಂದ ಇಡ್ಲಿ. ಸೋರ್ಸ್ ಎಂದರೆ ಒಂದು ಚೀಲದಲ್ಲಿ ಅಕ್ಕಿ, ಉದ್ದು, ಜೊತೆಗೆ ಮಾಡುವ ವಿಧಾನದ ಚೀಟಿ. ರುಬ್ಬುವ ಕಲ್ಲು, ಪಾತ್ರೆ, ಒಲೆ ನಿಮ್ಮ ಮನೆಯಲ್ಲೇ ಇವೆ ಎಂದು ಬರೆದವರು ನಂಬಿರುತ್ತಾರೆ. ಇಲ್ಲದಿದ್ದರೆ ಅದು ಅವರ ತಪ್ಪಲ್ಲ.

ಶನಿವಾರ ಬೆಳಿಗ್ಗೆ ಸ್ನಾನ ಮಾಡಿ, ದೇವರಿಗೆ ಕೈಮುಗಿದು, ಕಂಪ್ಯೂಟರಿನ ಮುಂದೆ ಕೂತೆ. ಅತ್ತೆ ಚಹಾ ತಂದಿಟ್ಟು ಹಿಂದೆಯೇ ನಿಂತರು.

"ಏನ್ ಮಾಡಾಕ ಹತ್ತೀರಿ ಅಳಿಯಾರ?"

ಅವರಿಗೆ ಅರ್ಥವಾಗುವಂತೆ ಹೇಳಬೇಕಲ್ಲ. "ಇಲ್ಲಿಂದ ವಾಶಿಯ ಆಫೀಸಿಗೆ ಒಂದು ಸುರಂಗ ಮಾಡ್ತಾ ಇದ್ದೇನೆ ಅತ್ತೆ. ಈ ಕಂಪ್ಯೂಟರಿನ ಒಳಗಿಂದಲೇ ಹೋಗುತ್ತದೆ. ಸವಿತಾ ಇಲ್ಲೇ ಕೂತು ಅಲ್ಲಿಯ ಕೆಲಸ ಮಾಡಬಹುದು."

"ಮುಂಬ್ರಾ ದಾಟಿದ ಮ್ಯಾಲೆ ರೈಲು ಹೊಕ್ಕೈತಲ್ಲ, ಅಂಥಾದ್ದೇನು?"

"ಅಂಥದ್ದೇ. ಆದರೆ ಇದರಲ್ಲಿ ಬೇರೆಯವರು ಹೊಗುವ ಹಾಗಿಲ್ಲ."

"ಹಂಗಾರ ಪಾಸು ಬೇಕನ್ರಿ."

"ಬೇಕು. ಪಾಸ್‌ವರ್ಡ್."

ಅತ್ತೆಗೆ ಸಮಾಧಾನವಾಯಿತು. ನನಗಿಂತ ಸ್ಪಷ್ಟವಾಗಿ ಅವರಿಗೆ ವಿಷಯ ತಿಳಿದಿದೆ ಎಂಬ ಅನುಮಾನದಲ್ಲಿ ನಾನು ಚಹಾ ಕುಡಿದೆ.

ಈ ಕಾರ್ಯಕ್ರಮದ ಮೊದಲ ಹೆಜ್ಜೆಗೆ 'ಕಾನ್ಫಿಗರ್' ಎನ್ನುತ್ತಾರೆ. ನಿಮ್ಮ ಯಂತ್ರದಲ್ಲಿ ಏನೇನಿದೆ ಎಂದು ಅದು ಒಂದೊಂದಾಗಿ ಪರೀಕ್ಷೆ ಮಾಡುತ್ತದೆ. ಇದು ಇದೆಯೇ, ಎಸ್. ಅದು ಇದೆಯೇ, ಎಸ್. ಪರದೆಯ ಮೇಲೆ ಎಸ್‌ಗಳ ಮೆರವಣಿಗೆ. ಮೊದಮೊದಲು ಖುಷಿಯಾಗುತ್ತದೆ. ಆಮೇಲೆ ಇಷ್ಟೊಂದು ಎಸ್ ಬರುತ್ತಿದೆಯಲ್ಲ, ಎಲ್ಲಿ ಎಡವಟ್ಟು ಕಾದಿದೆಯೋ ಎಂದು ಅನುಮಾನ ಶುರುವಾಗುತ್ತದೆ. ಎಡವಟ್ಟು ಬಂತು. ಒಂದು 'ನೋ', ಅದರ ಕೆಳಗೆ ಎಲ್ಲವೂ ಸ್ತಬ್ಧ. ಗುಪ್ತಲಿಪಿಗೆ ಬೇಕಾದ, ಲೈಬ್ರರಿ ಎಂದು ಕರೆಯುವ ಒಂದು ಸಹಾಯಕ ತಂತ್ರಾಂಶ ನನ್ನಲ್ಲಿ ಇರಲಿಲ್ಲ. ಅದನ್ನು ಇಳಿಸಿಕೊಂಡೆ. ನಮ್ಮ ಕೇಬಲ್ ಇಂಟರ್‌ನೆಟ್ಟು ನಿಧಾನಿ. ಒಂದು ಫೈಲು ಇಳಿಯುವ ಹೊತ್ತಿಗೆ ಅತ್ತೆ ಒಂದು ರಾಶಿ ರೊಟ್ಟಿ ಬಡಿದು ಮುಗಿಸುತ್ತಿದ್ದರು. ಇಳಿದ ಮೇಲೆ ತಿಳಿಯಿತು, ಆ ಲೈಬ್ರರಿಯೂ ಸೋರ್ಸೇ. ಅದನ್ನೂ ಬೇಯಿಸಬೇಕು, ಕಂಪ್ಯೂಟರಿನವರ ಭಾಷೆಯಲ್ಲಿ ಕಂಪೈಲ್ ಮಾಡಬೇಕು. ಬೇಯಿಸಲು ಹೋದರೆ ಅದಕ್ಕೆ ಇನ್ನೊಂದು ಲೈಬ್ರರಿ ಬೇಕಂತೆ. ಆ ಇನ್ನೊಂದು ನನ್ನ ಬಳಿ ಇತ್ತು. ಆದರೆ ಹಳೆಯದು, ನಡೆಯುವುದಿಲ್ಲವಂತೆ. ಮದುವೆಗೆ ಒಬ್ಬ ಬಂಧುವನ್ನು ಕರೆಯಲು ಹೋದರೆ, "ಅಣ್ಣನನ್ನು ಕರೆಯದೆ ನಾನು ಹೇಗೆ ಬರಲಿ?" ಎನ್ನುತ್ತಾನೆ. ಅಣ್ಣನ ಹತ್ತಿರ ಹೋದರೆ ಅವನು ಸೋದರಮಾವನ ಹೆಸರು ಹೇಳುತ್ತಾನೆ. ನಾನು ಸೋದರಮಾವನ ಬಾಗಿಲಲ್ಲಿ ನಿಂತಿದ್ದಾಗ ಕರೆಂಟು ಹೋಯಿತು.

ಆಗ ನಮ್ಮಲ್ಲಿ ಲೋಡ್ ಶೆಡ್ಡಿಂಗ್ ಊಟ ತಿಂಡಿಯಷ್ಟೇ ಖಾಯಂ. ಇನ್ವರ್ಟರ್ ಇತ್ತು, ಅದರ ಬ್ಯಾಟರಿ ಸತ್ತಿತ್ತು. ಅದನ್ನು 'ನೋಡಿಕೊಂಡವನೂ' ನಾನೇ ಎಂಬುದನ್ನು ಯಾರೂ ಎತ್ತಿ ಆಡಲಿಲ್ಲ. ಕತ್ತಲಾದ ಪರದೆಯಲ್ಲಿ ನನ್ನ ಮುಖವೇ ಕಾಣುತ್ತಿತ್ತು. ಸವಿತಾ ಪ್ಲಾಸ್ಟರಿನ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಪಕ್ಕದ ಮಂಚದಲ್ಲಿ ಕೂತಿದ್ದಳು.

"ಆಗ್ತೈತಲ್ಲ?" ಎಂದು ಕೇಳಿದಳು.

"ಆಗದೆ ಏನು" ಎಂದೆ.

ಕರೆಂಟು ಬಂದ ಮೇಲೆ ನಿಂತಲ್ಲಿಂದಲೇ ಮುಂದುವರಿಸಬಹುದಿತ್ತು. ಆದರೆ ಅರ್ಧ ಬೆಂದದ್ದರ ಮೇಲೆ ನನಗೆ ವಿಶ್ವಾಸ ಬರಲಿಲ್ಲ. ಎಲ್ಲವನ್ನೂ ಅಳಿಸಿ ಮೊದಲಿಂದ ಶುರು ಮಾಡಿದೆ. ಇಂಗ್ಲಿಷಿನ ಒಂದು ಚರ್ಚಾ ಜಾಲತಾಣದಲ್ಲಿ ನನ್ನ ಗೋಳನ್ನು ವಿವರವಾಗಿ, ಹೆಂಡತಿಯ ಕಾಲು ಮುರಿದದ್ದನ್ನೂ ಸೇರಿಸಿ ಬರೆದೆ. ಯಾವುದೋ ಖಂಡದಿಂದ ಒಬ್ಬ ಪುಣ್ಯಾತ್ಮ ಉತ್ತರ ಕೊಟ್ಟ. ಉತ್ತರ ಒಂದೇ ಸಾಲು: ಜೊತೆಯಲ್ಲಿರುವ ರೀಡ್‌ಮೀ ಫೈಲನ್ನು ಓದಿದ್ದೀರಾ? ಓದಿರಲಿಲ್ಲ. ಹೆಸರಿನಲ್ಲೇ ನನ್ನನ್ನು ಓದು ಎಂದು ಬೇಡಿಕೊಳ್ಳುವ ಫೈಲನ್ನು ನಾನು ಹೇಗೆ ದಾಟಿ ಹೋದೆನೋ. ಓದಿದಾಗ ಇನ್ನೂ ಎರಡು ಹೊಸ ಭಯಗಳು ಸೇರಿಕೊಂಡವು.

ಸಂಜೆ ನಮ್ಮ ಬಿಲ್ಡಿಂಗಿನ ಸೊಸೈಟಿಯ ಗಣಪತಿಗೆ ಆರತಿ. ಮೈಕಿನಲ್ಲಿ ಎಲ್ಲರನ್ನೂ ಕರೆಯುತ್ತಿದ್ದರು. ಕಂಪ್ಯೂಟರನ್ನು ಓಡಲು ಬಿಟ್ಟು ಕೆಳಗಿಳಿದೆ. ತಾಳದ ಸದ್ದು, ಕರ್ಪೂರದ ಹೊಗೆ, ಎಲ್ಲರ ಮುಖದಲ್ಲೂ ಭಕ್ತಿ. ನಾನು ಕಣ್ಣು ಮುಚ್ಚಿ ವಿಘ್ನನಿವಾರಕನಿಗೆ ನನ್ನ ವಿಘ್ನವನ್ನು ವರದಿ ಮಾಡತೊಡಗಿದೆ. ಜನ ಆರೋಗ್ಯ, ಮಕ್ಕಳಿಗೆ ಒಳ್ಳೆಯ ಮಾರ್ಕು ಕೇಳುತ್ತಾರೆ. ನಾನು ಒಂದು ಹೆಡರ್ ಫೈಲು, ಅಂದರೆ ಲೈಬ್ರರಿಯೊಳಗೆ ಏನೇನಿದೆ ಎಂದು ಹೇಳುವ ಚೀಟಿ, ಕೇಳುತ್ತಿದ್ದೆ. ಅದರ ಹೆಸರು ಡಾಟ್ ಎಚ್ ಎಂದು ಕೊನೆಯಾಗುತ್ತದೆ ಎಂಬುದನ್ನೂ ಸ್ಪಷ್ಟವಾಗಿ ಹೇಳಿದೆ, ದೇವರಿಗೆ ಗೊಂದಲ ಆಗಬಾರದು. ಪಕ್ಕದಲ್ಲಿ ಕಾಲಿಂಗ್ ಬೆಲ್ಲಿನ ಮನೆಯವರು ನಿಂತಿದ್ದರು. "ಶೆಟ್ಟಿ ಸಾಹೇಬ್, ವಹಿನೀಂಚಾ ಪಾಯ್ ಕಸಾ ಆಹೇ?" ಎಂದು ಸವಿತಾಳ ಕಾಲಿನ ಬಗ್ಗೆ ವಿಚಾರಿಸಿದರು. "ಕಂಪೈಲ್ ಆಗ್ತಾ ಇದೆ" ಎಂದೆ, ಕನ್ನಡದಲ್ಲೇ. ಅವರು ತಲೆಯಾಡಿಸಿ ನನ್ನ ಕೈಗೆ ಇನ್ನೊಂದು ಮೋದಕ ಹಾಕಿದರು.

ಭಾನುವಾರ ಮಧ್ಯಾಹ್ನದ ಹೊತ್ತಿಗೆ ಲೈಬ್ರರಿಗಳೆಲ್ಲ ಬೆಂದಿದ್ದವು. ಉಳಿದದ್ದು ಮೂಲ ತಂತ್ರಾಂಶ. 'ಮೇಕ್', ಅಂದರೆ ಇನ್ನು ಬೇಯಿಸು, ಎಂದು ಟೈಪ್ ಮಾಡಿದೆ. ಅಕ್ಷರಗಳು ಲೋಕಲ್ ಟ್ರೇನಿನ ಕಿಟಕಿಯ ಆಚೆ ಓಡುವ ಗೋಡೆಬರಹದಂತೆ ಸರ್ರನೆ ಸರಿದವು. ಆಮೇಲೆ ನಿಂತವು. ಕೊನೆಯ ಸಾಲಿನಲ್ಲಿ ಎರರ್ ಎಂದಿತ್ತು. ಮತ್ತೆ ಮೇಕ್. ಮತ್ತೆ ಎರರ್. ಅದೇ ಸಾಲನ್ನು ಅಂತರ್ಜಾಲದಲ್ಲಿ ಹುಡುಕಿದರೆ ಜಗತ್ತಿನ ಎಲ್ಲರಿಗೂ ಅದೇ ಸಾಲು ಬಂದಿತ್ತು, ಒಬ್ಬೊಬ್ಬರಿಗೆ ಒಂದೊಂದು ಕಾರಣಕ್ಕೆ. ನಾನು ಅದನ್ನೇ ದಿಟ್ಟಿಸುತ್ತ ಕೂತೆ. ಕಿಟಕಿಯ ಹತ್ತಿರದ ಆ ಕುರ್ಚಿ ನನ್ನ ಕಣ್ಣಿಗೆ ಕಾಣುತ್ತಿತ್ತು. ಅದರಲ್ಲಿ ಬೇರೆ ಯಾರೋ ಕೂತು ನೀರು ಕುಡಿಯುತ್ತಿದ್ದರು.

"ಸರೀರಿ ಸ್ವಲ್ಪ" ಎಂದಳು ಸವಿತಾ. ಗೋಡೆ ಹಿಡಿದು, ಒಂಟಿ ಕಾಲಿನಲ್ಲಿ ಕುಂಟುತ್ತ ಬಂದಿದ್ದಳು. "ನೀವು ಕಡೀ ಸಾಲು ಯಾಕ ನೋಡ್ತೀರಿ? ಅದು ಬರೇ ಅಳೂದು. ಮ್ಯಾಲ ಹೋಗ್ರಿ. ಮೊದಲ ಎಲ್ಲಿ ತಪ್ಪೈತಿ ಅನ್ನೂದು ನೋಡ್ರಿ."

"ನಿನಗೆ ಇದು ಅರ್ಥ ಆಗುತ್ತದಾ?"

"ಇಲ್ಲ. ನನಗ ಡಾಕ್ಟರ ಭಾಷಾನೂ ಅರ್ಥ ಆಗಿರಲಿಲ್ಲ. ಯಾರು ಎಲ್ಲಿ ತಡವರಿಸ್ತಾರ ಅನ್ನೂದು ಗೊತ್ತಾಗ್ತೈತಿ."

ಮೌಸ್ ನನ್ನ ಕೈಯಿಂದ ತೆಗೆದುಕೊಂಡು ಮೇಲೆ ಮೇಲೆ ಸರಿಸಿದಳು. ಪುಟಗಟ್ಟಲೆ ಸಾಲು ಹಿಂದೆ, ಎಲ್ಲ ಅಳುವಿನ ಮೊದಲಿಗೆ, ಒಂದು ಪುಟ್ಟ ಸಾಲಿತ್ತು. ಇಂಥ ಹೆಡರ್ ಫೈಲು ಸಿಗಲಿಲ್ಲ ಎಂದು. ನಾನು ಆರತಿಯಲ್ಲಿ ಕೇಳಿದ್ದ ಅದೇ ಫೈಲು. ಅದು ನಮ್ಮ ಯಂತ್ರದಲ್ಲೇ ಇತ್ತು, ನಾನೇ ನಿನ್ನೆ ಬೇಯಿಸಿದ ಲೈಬ್ರರಿಯ ಜೊತೆ ಬಂದದ್ದು. ಆದರೆ ಹಾಕಿದ್ದು ಒಂದು ಕಡೆ, ಇದು ಹುಡುಕುತ್ತಿದ್ದುದು ಇನ್ನೊಂದು ಕಡೆ. ನಮ್ಮ ಮನೆಯಲ್ಲಿ ಕತ್ತರಿಯ ಸ್ಥಿತಿಯೂ ಇದೇ. ಎಲ್ಲಿದೆ ಎಂದು ದಾರಿ ತೋರಿಸಿ ಮತ್ತೆ ಮೇಕ್ ಎಂದೆ. ಅಕ್ಷರಗಳು ಓಡಿದವು. ನಿಂತವು. ಕೊನೆಯಲ್ಲಿ ಏನೂ ಇರಲಿಲ್ಲ, ಎರರೂ ಇಲ್ಲ, ಶಹಬ್ಬಾಸ್ ಎಂಬ ಮಾತೂ ಇಲ್ಲ.

"ಏನಾತು?" ಎಂದಳು.

"ಆಯಿತು ಅಂತ ಕಾಣುತ್ತದೆ" ಎಂದೆ. ಕೆಟ್ಟಾಗ ಅಷ್ಟೊಂದು ಬಡಬಡಿಸುವ ವಸ್ತು, ಗೆದ್ದಾಗ ತುಟಿ ಬಿಚ್ಚುವುದಿಲ್ಲ. ನಮ್ಮ ಸ್ಟೋರ್ಸಿನ ಸಾಹೇಬರ ಸ್ವಭಾವವೂ ಹೀಗೆಯೇ.

ಸೋಮವಾರ ನಾನು ಅರ್ಧ ದಿನ ರಜೆ ಹಾಕಿದೆ. ಕುಲಕರ್ಣಿ ಮೇಡಂ ಫೋನಿನ ಆ ಕಡೆ. ಸವಿತಾ ಕಂಪ್ಯೂಟರಿನ ಮುಂದೆ, ನಾನು ಅವಳ ಬೆನ್ನ ಹಿಂದೆ, ಅತ್ತೆ ನನ್ನ ಬೆನ್ನ ಹಿಂದೆ. ಸವಿತಾಳ ಹೆಗಲ ಮೇಲಿಂದ ಕೈಚಾಚಿ ಸಂಪರ್ಕದ ಆದೇಶ ಕೊಟ್ಟೆ. ಸುರಂಗದ ಬಾಗಿಲೇ ತೆರೆಯುತ್ತಿಲ್ಲ ಎಂದು ಪರದೆ ಹೇಳಿತು. ಆಗ ರೀಡ್‌ಮೀ ಫೈಲಿನಲ್ಲಿ ಓದಿ ಹೆದರಿದ್ದ ಒಂದು ವಾಕ್ಯ ನೆನಪಾಯಿತು. ಇದಕ್ಕೆ ಯಂತ್ರದ ಒಡೆಯನ ಅಧಿಕಾರ ಬೇಕು, ಬಾಗಿಲನ್ನು ಮೊದಲು ಕೈಯಾರೆ ಎಬ್ಬಿಸಬೇಕು ಎಂದಿತ್ತು. ಒಡೆಯನಾಗಿ ಒಳಗೆ ಹೋಗಿ ಎಬ್ಬಿಸಿದೆ. ಸವಿತಾ ಪಾಸ್‌ವರ್ಡ್ ಹೊಡೆದಳು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಅವಳ ಕೆಲಸದ ಫೈಲುಗಳ ಪಟ್ಟಿ ಸಾಲಾಗಿ ಇಳಿಯಿತು.

"ಮುಟ್ಟಿತೇನು ವಾಶಿ?" ಎಂದರು ಅತ್ತೆ.

"ಮುಟ್ಟಿತವ್ವಾ" ಎಂದಳು ಸವಿತಾ. ಹೆಡ್‌ಫೋನ್ ಹಾಕಿಕೊಂಡಳು. ಹಾಕಿಕೊಳ್ಳುವ ಮುಂಚೆ ನನ್ನ ಕೈಯನ್ನು ಒಮ್ಮೆ ಒತ್ತಿದಳು. ಸ್ಟೋರ್ಸಿನಲ್ಲಿ ಇಷ್ಟು ವರ್ಷ ವಾಷರು ಎಣಿಸಿದ್ದಕ್ಕೆ ಸಿಗದ ಗೌರವ ಅದರಲ್ಲಿತ್ತು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ನನ್ನಂಥವನಿಗೆ ಕೆಲಸ ಆಗದಿದ್ದಾಗ ಇರುವ ಹೆದರಿಕೆಗಿಂತ ಆದ ಮೇಲಿನದು ದೊಡ್ಡದು. ಹೇಗೆ ಆಯಿತೆಂದು ಪೂರ್ತಿ ಗೊತ್ತಿಲ್ಲದವನಿಗೆ ಅದು ಯಾವಾಗ ನಿಲ್ಲುತ್ತದೆಂದು ಹೇಗೆ ಗೊತ್ತಾಗಬೇಕು? ಕಂಪ್ಯೂಟರನ್ನು ಆರಿಸಬಾರದು ಎಂದು ಮನೆಯಲ್ಲಿ ಕಾನೂನು ಮಾಡಿದೆ. ಇನ್ವರ್ಟರಿಗೆ ಹೊಸ ಬ್ಯಾಟರಿ ಹಾಕಿಸಿದೆ. ಮೇಜಿನ ಕೆಳಗೆ ಅತ್ತೆ ಕಸ ಗುಡಿಸಬಾರದು, ಸವಿತಾ ಕೆಲಸ ಮಾಡುವಾಗ ಮಿಕ್ಸರ್ ಹಾಕಬಾರದು. ಶೇಂಗಾ ಚಟ್ನಿ ಮತ್ತೆ ಒರಳಿಗೆ ಹೋಯಿತು. ಥಾಣೆಯ ಆಫೀಸಿನಿಂದ ಮತ್ತೆ ಮತ್ತೆ ಫೋನ್ ಮಾಡುತ್ತಿದ್ದೆ.

"ಲೈನ್ ಉಂಟಾ?"

"ಐತಿ."

"ನಿಧಾನ ಆಯಿತಾ?"

"ನೀವು ಫೋನ್ ಮಾಡಿದಾಗ ಆಗ್ತೈತಿ. ನಾ ಕೆಲಸ ಬಿಟ್ಟು ಏಳಬೇಕಲ್ಲ."

ಸಂಜೆ ಮನೆಗೆ ಬಂದವನು ಚಪ್ಪಲಿ ಬಿಡುವ ಮೊದಲು ಕಂಪ್ಯೂಟರಿನ ದೀಪ ನೋಡುತ್ತಿದ್ದೆ. ಅವಳ ಕಾಲು ಹೇಗಿದೆ ಎಂದು ಕೇಳುವುದು ಎಷ್ಟೋ ದಿನ ಮರೆತೇ ಹೋಯಿತು ಎಂದು ಅತ್ತೆ ಮುಂದೊಂದು ದಿನ ಊರಿನಲ್ಲಿ ಹೇಳಿದರಂತೆ.

ಪ್ಲಾಸ್ಟರ್ ತೆಗೆದ ದಿನ ಡಾಕ್ಟರು, ಇನ್ನೂ ಕೆಲವು ದಿನ ಟ್ರೇನಿನ ನೂಕುನುಗ್ಗಲು ಬೇಡ, ಮನೆಯಿಂದಲೇ ಕೆಲಸ ಮಾಡಿ ಎಂದರು. ರಿಕ್ಷಾದಲ್ಲಿ ಬರುವಾಗ ಸವಿತಾ ಹೇಳಿದಳು: "ನಾ ಸೋಮವಾರದಿಂದ ವಾಶಿಗೆ ಹೋಗ್ತೀನ್ರಿ."

"ಡಾಕ್ಟರು ಬೇಡ ಅಂದ್ರಲ್ಲ. ಲೈನ್ ಚೆನ್ನಾಗಿಯೇ ಉಂಟು."

"ಲೈನ್ ಚಲೋ ಐತಿ. ನೀವು ಚಲೋ ಇಲ್ಲ. ಆಫೀಸಿನಾಗ ಏನರೆ ಕೆಟ್ಟರ ಒಬ್ಬಾಂವ ಬರ್ತಾನ, ಸರಿ ಮಾಡ್ತಾನ, ಹೋಗ್ತಾನ. ಅವನ ಮಾರಿ ನೋಡ್ಕೋತ ನಾ ಊಟಾ ಮಾಡಬೇಕಾಗಿಲ್ಲ."

ಹೇಳಿದಂತೆಯೇ ಹೋದಳು. ಹೆಂಗಸರ ಡಬ್ಬದಲ್ಲಿ ಯಾರಾದರೂ ಜಾಗ ಕೊಡುತ್ತಾರೆ, ಕುಂಟುವುದು ಕಂಡರೆ ಬೇಗ ಕೊಡುತ್ತಾರೆ ಎಂದಳು. ಅತ್ತೆ ಊರಿಗೆ ಹೊರಟರು. ನಾನು ಮೊದಲ ಬಾರಿಗೆ ಕಂಪ್ಯೂಟರನ್ನು ಆರಿಸಿದೆ. ಅಷ್ಟು ದಿನ ಗಮನಕ್ಕೇ ಬಾರದಿದ್ದ ಅದರ ಫ್ಯಾನಿನ ಸದ್ದು ನಿಂತದ್ದು ಮನೆಯಲ್ಲೆಲ್ಲ ಕೇಳಿಸಿತು.

ಒಂದು ರಜೆಯ ಬೆಳಿಗ್ಗೆ ನಾವು ತಿಂಡಿ ತಿನ್ನುತ್ತಿದ್ದಾಗ ಕುಲಕರ್ಣಿ ಮೇಡಂ ಫೋನ್ ಬಂತು. ಸವಿತಾ ಎತ್ತಿದಳು. ಅವರ ಆಫೀಸಿನ ಹುಡುಗಿಯೊಬ್ಬಳು ಬಾಣಂತಿ, ಮನೆ ಕಾಮೋಠೆಯಲ್ಲಿ, ಅವಳ ಮನೆಯಲ್ಲೂ ಲಿನಕ್ಸ್, ಅವಳ ಗಂಡನಿಗೆ ಏನೂ ತೋಚುತ್ತಿಲ್ಲ, ನಿಮ್ಮವರು ಒಂದು ಸಲ ಬಂದು ಕೂತರೆ ಆಗಿಹೋಗುತ್ತದೆ ಎಂಬುದು ಮೇಡಂ ಮಾತಿನ ಸಾರ. ಅವರ ದನಿ ದೊಡ್ಡದು, ನನಗೆ ಎಲ್ಲವೂ ಕೇಳಿಸಿತು. ನಾನು ಆಗಲೇ ಬಾಯಿ ತೆರೆದಿದ್ದೆ.

ಸವಿತಾ ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಆಮೇಲೆ ಫೋನಿಗೆ, "ವೋ ಘರ್ ಪೇ ನಹೀ ಹೈಂ ಮೇಡಂ, ಬಾಹರ್ ಗಯೇ ಹೈಂ" ಎಂದಳು. ನಾನು ಮನೆಯಲ್ಲಿಲ್ಲವಂತೆ, ಹೊರಗೆ ಹೋಗಿದ್ದೇನಂತೆ.

ಮೇಜಿನ ಈಚೆ ಕಡೆ, ತೆರೆದ ಬಾಯಲ್ಲಿ ಉಪ್ಪಿಟ್ಟಿನ ತುತ್ತು ಇಟ್ಟುಕೊಂಡು ಕೂತಿದ್ದ ನಾನು, ಜಗಿದರೆ ಎಲ್ಲಿ ಮೇಡಂಗೆ ಕೇಳಿಸೀತೋ ಎಂದು ಹೆದರಿ, ಅವಳು ಫೋನ್ ಇಡುವವರೆಗೂ ಹಾಗೇ ಅಲುಗಾಡದೆ ಕೂತಿದ್ದೆ.